ವಂಶವೃಕ್ಷದ ಬ್ಯಾಕಪ್ ಫೈಲ್‌ಗಳು: ಯಾವುದನ್ನು ಉಳಿಸಬೇಕು, ಯಾವುದನ್ನು ಅಳಿಸಬಹುದು?

ಪ್ರಶ್ನೆ: ಒಂಬತ್ತು ವರ್ಷಗಳಿಂದ ನಮ್ಮ ಕುಟುಂಬದ ವಂಶವೃಕ್ಷವನ್ನು ಮನೆಯ ಕಂಪ್ಯೂಟರಿನಲ್ಲಿ ಒಂದು ಸಾಫ್ಟ್‌ವೇರ್ ಬಳಸಿ ಬರೆದಿಡುತ್ತಿದ್ದೇನೆ. ಸುಮಾರು 1,500 ಜನರ ವಿವರ, ಹಳೆಯ ಫೋಟೊಗಳು, ದಾಖಲೆಗಳ ಸ್ಕ್ಯಾನ್‌ಗಳು ಎಲ್ಲವೂ ಅದರಲ್ಲಿವೆ. ಪ್ರತಿ ಸಲ ಮುಚ್ಚುವಾಗಲೂ ಸಾಫ್ಟ್‌ವೇರ್ ಬ್ಯಾಕಪ್ ಬೇಕೇ ಎಂದು ಕೇಳುತ್ತಿತ್ತು, ನಾನು ಹೌದು ಎನ್ನುತ್ತಿದ್ದೆ. ಹೀಗೆ 163 ಫೈಲ್‌ಗಳಾದವು. ಈಚಿನವು ಒಂದೊಂದೂ 3 ಜಿಬಿ ಇರುವುದರಿಂದ ಡಿಸ್ಕ್ ತುಂಬಿಹೋಯಿತು, ಹಾಗಾಗಿ ಮೂರು ತಿಂಗಳಿಂದ ಬ್ಯಾಕಪ್ ಬೇಡವೆನ್ನುತ್ತಾ ಬಂದೆ. ಕಳೆದ ವಾರ ಹಳೆಯದೊಂದರಲ್ಲಿ ಏನಿದೆಯೆಂದು ನೋಡಲು ಹೋಗಿ, ಈಗಿನ ಫೈಲಿನ ಮೇಲೆಯೇ ಅದನ್ನು ರಿಸ್ಟೋರ್ ಮಾಡಿಬಿಟ್ಟೆ. ಮೂರು ತಿಂಗಳ ಕೆಲಸ ಕಾಣೆಯಾಯಿತು. ಈ ಫೈಲ್‌ಗಳಲ್ಲಿ ಎಷ್ಟನ್ನು ಉಳಿಸಿಕೊಳ್ಳಬೇಕು? ಕೆಲಸದ ಫೋಲ್ಡರ್ ಹೇಗೂ ಕ್ಲೌಡ್ ಜೊತೆ ಸಿಂಕ್ ಆಗುತ್ತಿರುವಾಗ ಬೇರೆ ಬ್ಯಾಕಪ್ ಬೇಕೇ? ಮತ್ತೆ ಹೀಗಾಗದಂತೆ ಏನು ಮಾಡಬೇಕು?

ಉತ್ತರ: ಇವತ್ತು ಯಾವ ಫೈಲನ್ನೂ ಅಳಿಸಬೇಡಿ. ನಿಮ್ಮ ಮೂರು ತಿಂಗಳ ಕೆಲಸ ಇನ್ನೂ ಎಲ್ಲೋ ಉಳಿದಿರುವ ಸಾಧ್ಯತೆ ಇದೆ, ಆದರೆ ಅದಕ್ಕಿರುವ ಕಾಲಾವಕಾಶ ಕಡಿಮೆ. ಆದ್ದರಿಂದ ನಿಮ್ಮ ಮೂರು ಪ್ರಶ್ನೆಗಳಿಗೆ ಹೋಗುವ ಮೊದಲು ಅದನ್ನು ಹುಡುಕುವ ದಾರಿಯನ್ನು ಹೇಳುತ್ತೇನೆ.

ಮೊದಲು ವಂಶವೃಕ್ಷದ ಸಾಫ್ಟ್‌ವೇರನ್ನು ಮುಚ್ಚಿ, ಸಿಂಕ್ ಮಾಡುವ ಪ್ರೋಗ್ರಾಮನ್ನು ತಾತ್ಕಾಲಿಕವಾಗಿ ನಿಲ್ಲಿಸಿ. ಆಮೇಲೆ ಬ್ರೌಸರ್ ಮೂಲಕ ನಿಮ್ಮ ಕ್ಲೌಡ್ ಖಾತೆಯನ್ನು ತೆರೆದು, ಆ ಫೈಲಿನ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ, ‘ಆವೃತ್ತಿಗಳ ಇತಿಹಾಸ’ ಎಂಬ ಅರ್ಥದ ಆಯ್ಕೆಯನ್ನು ಹುಡುಕಿ. ಸಾಮಾನ್ಯವಾಗಿ ಬಳಕೆಯಲ್ಲಿರುವ ಸೇವೆಗಳು ಒಂದು ಫೈಲಿನ ಹಿಂದಿನ ರೂಪಗಳನ್ನು ಕೆಲವು ದಿನ ಇಟ್ಟುಕೊಂಡಿರುತ್ತವೆ. ಉಚಿತ ಖಾತೆಗಳಲ್ಲಿ ಈ ಅವಧಿ ಅನೇಕ ಕಡೆ ಸುಮಾರು 30 ದಿನ. ನಿಮ್ಮ ತಪ್ಪು ಆಗಿರುವುದು ಕಳೆದ ವಾರವಾದ್ದರಿಂದ, ಅದರ ಹಿಂದಿನ ದಿನದ ರೂಪ ಅಲ್ಲಿ ಸಿಗಬಹುದು. ಸಿಕ್ಕರೆ ಅದನ್ನು ಅಲ್ಲೇ ‘ರಿಸ್ಟೋರ್’ ಮಾಡಬೇಡಿ. ಬೇರೊಂದು ಫೋಲ್ಡರಿಗೆ, ಬೇರೊಂದು ಹೆಸರಿನಲ್ಲಿ ಇಳಿಸಿಕೊಳ್ಳಿ. ಅಲ್ಲಿ ಸಿಗದಿದ್ದರೆ, ಫೈಲ್‌ಗಳ ಹಳೆಯ ರೂಪಗಳನ್ನು ತಾನಾಗಿ ಉಳಿಸಿಡುವ ಸೌಲಭ್ಯ, ಅಂದರೆ ವಿಂಡೋಸ್‌ನಲ್ಲಿ ಫೈಲ್ ಹಿಸ್ಟರಿ, ಮ್ಯಾಕ್‌ನಲ್ಲಿ ಟೈಮ್ ಮಷೀನ್, ಎಂದಾದರೂ ಆನ್ ಆಗಿತ್ತೇ ನೋಡಿ. ಈ ಮೂರು ತಿಂಗಳಲ್ಲಿ ಯಾವುದಾದರೂ ಬಂಧುವಿಗೆ ವೃಕ್ಷದ ಪ್ರತಿಯನ್ನು ಮೇಲ್ ಮಾಡಿದ್ದೀರಾ, ಆನ್‌ಲೈನ್ ವೃಕ್ಷವೊಂದಕ್ಕೆ ಏರಿಸಿದ್ದೀರಾ ಎಂಬುದನ್ನೂ ನೆನಪಿಸಿಕೊಳ್ಳಿ. ಹಾಗೆ ಕಳಿಸಿದ ಒಂದು ಅಪೂರ್ಣ ಪ್ರತಿ ಕೂಡ ಅರ್ಧ ಕೆಲಸವನ್ನು ಉಳಿಸೀತು.

ಇನ್ನು ನಡೆದದ್ದರ ವಿಚಾರ. ಮೇಲ್ನೋಟಕ್ಕೆ ಒಂದು ತಪ್ಪು ಕ್ಲಿಕ್ಕಿನಿಂದ ಕೆಲಸ ಹೋಯಿತು ಎನಿಸುತ್ತದೆ. ನನ್ನ ದೃಷ್ಟಿಯಲ್ಲಿ ನಿಜವಾದ ಕಾರಣ ಅದಕ್ಕಿಂತ ಮೂರು ತಿಂಗಳು ಹಿಂದಿನದು. ಬ್ಯಾಕಪ್‌ಗಳು ಲೆಕ್ಕವಿಲ್ಲದಷ್ಟು ಬೆಳೆದದ್ದರಿಂದಲೇ ನೀವು ಬ್ಯಾಕಪ್ ಮಾಡುವುದನ್ನು ನಿಲ್ಲಿಸಿದಿರಿ. ಯಾವ ಫೈಲಿನಲ್ಲಿ ಏನಿದೆ ಎಂದು ಹೆಸರು ನೋಡಿ ತಿಳಿಯದಿದ್ದುದರಿಂದಲೇ ಒಂದನ್ನು ತೆರೆದು ನೋಡಬೇಕಾಯಿತು. ಎರಡೂ ವ್ಯವಸ್ಥೆಯ ಕೊರತೆಗಳೇ ಹೊರತು ನಿಮ್ಮ ಅಜಾಗರೂಕತೆಯಲ್ಲ.

ಗೊಂದಲಕ್ಕೆ ಮೂಲವಾಗಿರುವ ಒಂದು ವ್ಯತ್ಯಾಸವನ್ನು ಇಲ್ಲಿಯೇ ತಿಳಿದುಕೊಳ್ಳುವುದು ಒಳ್ಳೆಯದು. ನೀವು ದಿನವೂ ತೆರೆದು ಬರೆಯುವ ಫೈಲ್ ಒಂದೇ ಒಂದು. ಅದನ್ನು ಚಾಲ್ತಿ ಫೈಲ್ ಎನ್ನೋಣ. ಬ್ಯಾಕಪ್ ಎನ್ನುವುದು ಒಂದು ದಿನದ ಚಾಲ್ತಿ ಫೈಲನ್ನು ಮಡಿಸಿ ಕಟ್ಟಿಟ್ಟ ಗಂಟು. ಅದನ್ನು ಓದುವುದಾಗಲಿ ತಿದ್ದುವುದಾಗಲಿ ಆಗುವುದಿಲ್ಲ, ಬಿಚ್ಚಬೇಕಷ್ಟೆ. ಹಾಗೆ ಬಿಚ್ಚುವುದಕ್ಕೇ ರಿಸ್ಟೋರ್ ಎನ್ನುತ್ತಾರೆ. ಬಿಚ್ಚಿದ್ದನ್ನು ಎಲ್ಲಿ, ಯಾವ ಹೆಸರಿನಲ್ಲಿ ಇಡಬೇಕೆಂದು ಸಾಫ್ಟ್‌ವೇರ್ ಕೇಳುವಾಗ ಅದು ತಾನಾಗಿ ಸೂಚಿಸುವ ಹೆಸರು ಬಹುಮಟ್ಟಿಗೆ ಚಾಲ್ತಿ ಫೈಲಿನದೇ ಆಗಿರುತ್ತದೆ, ಏಕೆಂದರೆ ಕಂಪ್ಯೂಟರ್ ಕೆಟ್ಟುಹೋದಾಗ ಎಲ್ಲವನ್ನೂ ಮೊದಲಿದ್ದ ಜಾಗದಲ್ಲೇ ಮರಳಿಸುವುದು ಅದರ ಉದ್ದೇಶ. ಸುಮ್ಮನೆ ಇಣುಕಿ ನೋಡಲು ಹೊರಟವರು ಸಿಕ್ಕಿಬೀಳುವುದು ಇಲ್ಲಿಯೇ. ಹಾಗಾಗಿ ‘ರಿಸ್ಟೋರ್-ಪರೀಕ್ಷೆ’ ಎಂಬ ಹೆಸರಿನ ಒಂದು ಫೋಲ್ಡರನ್ನು ಇಂದೇ ಮಾಡಿಕೊಳ್ಳಿ. ಯಾವ ಬ್ಯಾಕಪ್ಪನ್ನು ಯಾವ ಕಾರಣಕ್ಕೆ ಬಿಚ್ಚಿದರೂ ಆ ಫೋಲ್ಡರಿನಲ್ಲಿ, ಹೆಸರಿನ ಮುಂದೆ ‘ಪರೀಕ್ಷೆ’ ಎಂದು ಸೇರಿಸಿಯೇ ಬಿಚ್ಚಿ. ನಿಮ್ಮ ಮೂರನೆಯ ಪ್ರಶ್ನೆಗೆ ಮುಕ್ಕಾಲು ಉತ್ತರ ಈ ಒಂದು ಅಭ್ಯಾಸದಲ್ಲಿದೆ.

ಈಗ ಜಾಗದ ಲೆಕ್ಕಕ್ಕೆ ಬರೋಣ. ನಿಮ್ಮ ಒಂದು ಬ್ಯಾಕಪ್ 3 ಜಿಬಿ ಆಗಿರುವುದು 1,500 ಜನರಿಂದಲ್ಲ. ಹೆಸರು, ದಿನಾಂಕ, ಊರು, ಸಂಬಂಧ, ಟಿಪ್ಪಣಿ ಇವೆಲ್ಲ ಬರಿಯ ಅಕ್ಷರಗಳು. ಸಾವಿರ ಎರಡು ಸಾವಿರ ಜನರ ವೃಕ್ಷ ಸಾಮಾನ್ಯವಾಗಿ ಕೆಲವೇ ಎಂಬಿಗಳಲ್ಲಿ ಮುಗಿದುಹೋಗುತ್ತದೆ. ಉಳಿದದ್ದೆಲ್ಲ ಫೋಟೊ ಮತ್ತು ಸ್ಕ್ಯಾನ್‌ಗಳ ಭಾರ. ನಿಮ್ಮ ಸಾಫ್ಟ್‌ವೇರಿನಲ್ಲಿ ‘ಮಾಧ್ಯಮ ಫೈಲ್‌ಗಳನ್ನೂ ಸೇರಿಸು’ ಎಂಬ ಗುರುತು ಯಾವತ್ತೋ ಬಿದ್ದು ಹಾಗೆಯೇ ಉಳಿದಿದೆ. ಅದರಿಂದಾಗಿ, ಒಬ್ಬರ ಜನ್ಮದಿನಾಂಕವನ್ನು ತಿದ್ದಿ ಮುಚ್ಚಿದ ದಿನವೂ ಸಾವಿರಾರು ಫೋಟೊಗಳ ಇನ್ನೊಂದು ಪ್ರತಿ ತಯಾರಾಗುತ್ತಿತ್ತು. ಗ್ರ್ಯಾಂಪ್ಸ್, ರೂಟ್ಸ್‌ಮ್ಯಾಜಿಕ್, ಫ್ಯಾಮಿಲಿ ಟ್ರೀ ಮೇಕರ್ ಮುಂತಾದ ಸಾಫ್ಟ್‌ವೇರ್‌ಗಳಲ್ಲಿ ಬ್ಯಾಕಪ್ ಮಾಡುವ ಕಿಟಕಿಯಲ್ಲಿಯೇ ಈ ಆಯ್ಕೆ ಇರುತ್ತದೆ. ಲೆಗಸಿ ಎಂಬ ಇನ್ನೊಂದು ಸಾಫ್ಟ್‌ವೇರಿನಲ್ಲಿ ಮಾಹಿತಿಗೂ ಚಿತ್ರಗಳಿಗೂ ಬೇರೆ ಬೇರೆ ಬ್ಯಾಕಪ್ ಆಜ್ಞೆಗಳಿವೆ. ಆ ಗುರುತನ್ನು ತೆಗೆದುಬಿಡಿ. ಮಾಹಿತಿಯ ಬ್ಯಾಕಪ್ 5 ಎಂಬಿ ಎಂದು ಹಿಡಿದರೂ, ನಿಮ್ಮ ಈಗಿನ ಒಂದೇ ಒಂದು ಬ್ಯಾಕಪ್ ಹಿಡಿಯುವ ಜಾಗದಲ್ಲಿ ಅಂಥವು ಆರು ನೂರು ಹಿಡಿಸುತ್ತವೆ. ಇನ್ನು ಬ್ಯಾಕಪ್ ಬೇಡವೆನ್ನಲು ಜಾಗದ ಕಾರಣ ಇರುವುದಿಲ್ಲ.

ಹಾಗಾದರೆ ಫೋಟೊಗಳ ಗತಿಯೇನು? ಅವುಗಳ ಸ್ವಭಾವವೇ ಬೇರೆ. ವೃಕ್ಷದ ಮಾಹಿತಿ ದಿನವೂ ಬದಲಾಗುತ್ತದೆ. ಒಮ್ಮೆ ಸ್ಕ್ಯಾನ್ ಮಾಡಿಟ್ಟ ಮದುವೆಯ ಫೋಟೊ ಬದಲಾಗುವುದಿಲ್ಲ, ಬದಲಾಗಲೂಬಾರದು. ಅಲ್ಲಿ ಹೊಸದು ಸೇರುತ್ತಾ ಹೋಗುತ್ತದೆ, ಅಷ್ಟೆ. ಆದ್ದರಿಂದ ಎಲ್ಲ ಚಿತ್ರಗಳನ್ನೂ ಒಂದೇ ಫೋಲ್ಡರಿನ ಅಡಿಯಲ್ಲಿ ಇಟ್ಟುಕೊಂಡು, ತಿಂಗಳಿಗೊಮ್ಮೆ ಹೊರಗಿನ ಡಿಸ್ಕಿಗೆ ಹೊಸದಾಗಿ ಸೇರಿದವನ್ನು ಮಾತ್ರ ನಕಲು ಮಾಡಿದರೆ ಸಾಕು. ವಿಂಡೋಸ್‌ನಲ್ಲಿಯೇ ಇರುವ ರೋಬೋಕಾಪಿ ಅಥವಾ ಉಚಿತವಾಗಿ ಸಿಗುವ ಫ್ರೀಫೈಲ್‌ಸಿಂಕ್‌ನಂಥ ಉಪಕರಣ ಇದಕ್ಕೆ ಸಾಕಾಗುತ್ತದೆ. ಆದರೆ ಈ ಉಪಕರಣಗಳಲ್ಲಿ ‘ಮಿರರ್’ ಎಂಬ ಒಂದು ವಿಧಾನವಿದೆ. ಅದು ಕಂಪ್ಯೂಟರಿನಲ್ಲಿ ನೀವು ಅಳಿಸಿದ ಚಿತ್ರವನ್ನು ಹೊರಗಿನ ಡಿಸ್ಕಿನಿಂದಲೂ ಅಳಿಸುತ್ತದೆ. ಕೈತಪ್ಪಿ ಅಳಿಸಿದ್ದನ್ನು ಮರಳಿ ಪಡೆಯುವುದಕ್ಕೆಂದೇ ಮಾಡುವ ಪ್ರತಿಗೆ ಈ ವಿಧಾನ ಸಲ್ಲದು. ಸೇರಿಸುತ್ತಾ ಹೋಗುವ, ಅಳಿಸದ ವಿಧಾನವನ್ನೇ ಆಯ್ದುಕೊಳ್ಳಿ.

ಎಷ್ಟು ಉಳಿಸಿಕೊಳ್ಳಬೇಕು ಎಂಬ ಪ್ರಶ್ನೆಗೆ ‘ಕೊನೆಯ ಹತ್ತು’ ಎಂಬ ಉತ್ತರ ಅನೇಕರ ಬಾಯಲ್ಲಿ ಬರುತ್ತದೆ. ಮನೆಯ ಖರ್ಚಿನ ಲೆಕ್ಕಕ್ಕೋ ಪತ್ರ ವ್ಯವಹಾರಕ್ಕೋ ಅದು ಸರಿಯಿರಬಹುದು. ವಂಶವೃಕ್ಷಕ್ಕೆ ಅದು ಸಾಲದು ಎಂಬುದನ್ನು ನಾನು ನಷ್ಟಪಟ್ಟು ಕಲಿತೆ. ನನ್ನ ವೃಕ್ಷದಲ್ಲಿ ತಾತನಿಗೂ ಮೊಮ್ಮಗನಿಗೂ ಒಂದೇ ಹೆಸರು. ಒಂದು ಸಂಜೆ ಸಾಫ್ಟ್‌ವೇರ್ ಅವರಿಬ್ಬರನ್ನೂ ಅಕ್ಕಪಕ್ಕದಲ್ಲಿಟ್ಟು ‘ಇವರು ಒಬ್ಬರೇ ಇರಬಹುದು’ ಎಂದು ತೋರಿಸಿತು. ಬೇರೆ ಬೇರೆ ಎಂಬುದನ್ನು ಗಮನಿಸದೆ ನಾನು ವಿಲೀನಕ್ಕೆ ಒಪ್ಪಿಗೆ ಕೊಟ್ಟೆ. ಮೊಮ್ಮಗನ ಮಕ್ಕಳೆಲ್ಲ ತಾತನ ಮಕ್ಕಳಾದರು. ಪರದೆಯ ಮೇಲೆ ಯಾವ ಎಚ್ಚರಿಕೆಯೂ ಬರಲಿಲ್ಲ, ಯಾವ ಫೈಲೂ ಕೆಡಲಿಲ್ಲ. ಬ್ಯಾಕಪ್‌ಗಳು ತಮ್ಮ ಪಾಡಿಗೆ ಆಗುತ್ತಲೇ ಇದ್ದವು, ಪ್ರತಿಯೊಂದರಲ್ಲೂ ಆ ತಪ್ಪು ಅಚ್ಚುಕಟ್ಟಾಗಿ ಉಳಿಯುತ್ತಲೇ ಇತ್ತು. ಹನ್ನೊಂದು ತಿಂಗಳ ನಂತರ ಒಂದು ವಿವಾಹ ದಾಖಲೆಯನ್ನು ಸೇರಿಸುವಾಗ, ತಂದೆ ತೀರಿಕೊಂಡು ಮೂವತ್ತು ವರ್ಷವಾದ ಮೇಲೆ ಹುಟ್ಟಿದ ಮಗಳೊಬ್ಬಳು ಕಣ್ಣಿಗೆ ಬಿದ್ದಳು. ಆಗ ನನ್ನ ಬಳಿ ಇದ್ದದ್ದು ಕೊನೆಯ ಹತ್ತು ಬ್ಯಾಕಪ್‌ಗಳು, ಹತ್ತರಲ್ಲೂ ಅದೇ ಕಥೆ. ಕಾಪಾಡಿದ್ದು ಅದಕ್ಕೂ ಹಿಂದೆ ದೂರದ ಬಂಧುವೊಬ್ಬರಿಗೆ ಕಳಿಸಿದ್ದ ಒಂದು ಪ್ರತಿ. ಅದನ್ನು ಬೇರೆ ಹೆಸರಿನಲ್ಲಿ ತೆರೆದು, ಈಗಿನದನ್ನು ಪಕ್ಕದಲ್ಲಿಟ್ಟುಕೊಂಡು, ಹದಿನಾಲ್ಕು ಜನರ ಸಂಬಂಧಗಳನ್ನು ಕೈಯಿಂದಲೇ ಮತ್ತೆ ಜೋಡಿಸಿದೆ.

ವಂಶವೃಕ್ಷದಲ್ಲಿ ನಷ್ಟ ಬಹಳ ಸಲ ಬರುವುದು ಹೀಗೆಯೇ, ಸದ್ದಿಲ್ಲದೆ. ಡಿಸ್ಕ್ ಕೆಟ್ಟರೆ ಆ ದಿನವೇ ತಿಳಿಯುತ್ತದೆ. ತಪ್ಪಾದ ಒಂದು ವಿಲೀನ, ಎರಡು ಸಲ ಆಮದಾದ ಒಂದು ಕವಲು, ಊರಿನ ಹೆಸರುಗಳನ್ನು ಒಟ್ಟಿಗೆ ತಿದ್ದಲು ಹೋಗಿ ಒಂದರೊಳಗೊಂದು ಸೇರಿಹೋದ ಎರಡು ಊರುಗಳು ತಿಳಿಯುವುದು ತಿಂಗಳುಗಳಾದ ಮೇಲೆ, ಕೆಲವೊಮ್ಮೆ ವರ್ಷಗಳಾದ ಮೇಲೆ. ಹಾಗಾಗಿ ನಮಗೆ ಬೇಕಾದದ್ದು ಈಚಿನ ಬಹಳ ಪ್ರತಿಗಳಲ್ಲ. ಹಿಂದಿನ ಕಾಲಕ್ಕೆ ದೂರದವರೆಗೆ ಚಾಚಿರುವ ಕೆಲವೇ ಪ್ರತಿಗಳು. ನಾನು ಪಾಲಿಸುವ ಲೆಕ್ಕ ಹೀಗಿದೆ: ಕೊನೆಯ ಏಳು ದಿನಗಳದ್ದು ದಿನಕ್ಕೊಂದು, ಅದರ ಹಿಂದಿನ ತಿಂಗಳದ್ದು ವಾರಕ್ಕೊಂದು, ಅದರ ಹಿಂದಿನ ವರ್ಷದ್ದು ತಿಂಗಳಿಗೊಂದು, ಅದಕ್ಕೂ ಹಿಂದಿನದು ವರ್ಷಕ್ಕೊಂದು. ವರ್ಷದ ಪ್ರತಿಯನ್ನು ಎಂದಿಗೂ ಅಳಿಸುವುದಿಲ್ಲ. ನಿಮ್ಮ ಒಂಬತ್ತು ವರ್ಷಗಳಿಗೆ ಇದನ್ನು ಅನ್ವಯಿಸಿದರೆ 7, 4, 12, 9 ಸೇರಿ 32 ಫೈಲ್‌ಗಳಾಗುತ್ತವೆ. ಫೋಟೊಗಳಿಲ್ಲದೆ ಒಟ್ಟು 160 ಎಂಬಿ ದಾಟಲಿಕ್ಕಿಲ್ಲ. ಇದಲ್ಲದೆ ಇನ್ನೊಂದು ಬಗೆಯ ಪ್ರತಿಯಿದೆ, ಅದು ಕ್ಯಾಲೆಂಡರಿಗೆ ಸೇರಿದ್ದಲ್ಲ: ವಿಲೀನ ಮಾಡುವ ಮೊದಲು, ಇನ್ನೊಬ್ಬರ ವೃಕ್ಷವನ್ನು ಆಮದು ಮಾಡಿಕೊಳ್ಳುವ ಮೊದಲು, ಒಟ್ಟಿಗೆ ತಿದ್ದುವ ಆಜ್ಞೆ ಕೊಡುವ ಮೊದಲು, ಸಾಫ್ಟ್‌ವೇರಿನ ಹೊಸ ಆವೃತ್ತಿ ಹಾಕುವ ಮೊದಲು ಮಾಡಿಕೊಳ್ಳುವ ಬ್ಯಾಕಪ್. ಇವನ್ನು ಕನಿಷ್ಠ ಎರಡು ವರ್ಷ ಮುಟ್ಟದಿರುವುದು ಲೇಸು.

ಸಾಫ್ಟ್‌ವೇರ್ ತಾನಾಗಿ ಕೊಡುವ ಹೆಸರನ್ನು ನಂಬಬೇಡಿ. ಫೈಲಿನ ಪಕ್ಕದಲ್ಲಿ ಕಾಣುವ ದಿನಾಂಕವನ್ನಂತೂ ನಂಬಲೇಬೇಡಿ. ಕ್ಲೌಡಿನಿಂದ ಇಳಿಸಿಕೊಂಡಾಗ, ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ನಕಲು ಮಾಡಿದಾಗ ಅದು ಬದಲಾಗಿಬಿಡುವುದುಂಟು. ದಿನಾಂಕ ಹೆಸರಿನೊಳಗೇ ಇರಬೇಕು, ಅದೂ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ, ಒಂದಂಕಿಯ ತಿಂಗಳು ಮತ್ತು ದಿನಗಳ ಎಡಕ್ಕೆ ಸೊನ್ನೆ ಸೇರಿಸಿ. ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನಕದ ಕ್ರಮವಿದು. ಇದರ ಲಾಭ ಸರಳ: ಹೆಸರಿನ ಪ್ರಕಾರ ಜೋಡಿಸಿದರೆ ಕಾಲದ ಪ್ರಕಾರವೂ ಜೋಡಣೆಯಾದಂತೆಯೇ. ದಿನಾಂಕದ ನಂತರ ಆ ದಿನ ವೃಕ್ಷದಲ್ಲಿದ್ದ ಜನರ ಸಂಖ್ಯೆಯನ್ನೂ ಬ್ಯಾಕಪ್ಪಿನ ಕಾರಣವನ್ನೂ ಸೇರಿಸಿ. ‘2025-03-09_1482-ಜನ_ವಿಲೀನದ-ಮೊದಲು’ ಎಂಬ ಹೆಸರನ್ನು ನೋಡಿದರೆ ಅದರೊಳಗೆ ಏನಿದೆಯೆಂದು ತಿಳಿಯಲು ಬಿಚ್ಚಬೇಕಾಗಿಲ್ಲ. ಅದರ ಮುಂದಿನ ವಾರದ ಫೈಲಿನಲ್ಲಿ 1,310 ಎಂದಿದ್ದರೆ, ಏನೋ ಎಡವಟ್ಟಾಗಿದೆ ಎಂಬುದನ್ನು ಹೆಸರೇ ಕೂಗಿ ಹೇಳುತ್ತದೆ. ‘ಹೊಸದು’, ‘ಫೈನಲ್’, ‘ಇದೇ ಸರಿ’ ಎಂಬ ಹೆಸರುಗಳನ್ನು ಬಿಟ್ಟುಬಿಡಿ. ಮೂರು ತಿಂಗಳಲ್ಲಿ ಅವು ಅರ್ಥ ಕಳೆದುಕೊಳ್ಳುತ್ತವೆ.

ಈಗ ಆ 163 ಫೈಲ್‌ಗಳು. ಕಳೆದ ಕೆಲಸವನ್ನು ಹುಡುಕುವುದು ಮುಗಿದ ಮೇಲೆ ಇದಕ್ಕೆ ಒಂದು ಬಿಡುವಿನ ದಿನವನ್ನು ಇಟ್ಟುಕೊಳ್ಳಿ. ಎಲ್ಲವನ್ನೂ ಹೊರಗಿನ ಡಿಸ್ಕಿನಲ್ಲಿ ‘ಹಳೆಯದು’ ಎಂಬ ಒಂದೇ ಫೋಲ್ಡರಿಗೆ ಸಾಗಿಸಿ. ಸಾಗಿಸುವಾಗ ಕತ್ತರಿಸಿ ಅಂಟಿಸಬೇಡಿ, ನಕಲು ಮಾಡಿ. ನಕಲು ಪೂರ್ತಿಯಾದದ್ದು ಖಚಿತವಾದ ಮೇಲೆ ಮಾತ್ರ ಮೂಲವನ್ನು ತೆಗೆಯಿರಿ. ಈ ಹಳೆಯವಕ್ಕೆ ಬೇರೆ ಸುಳಿವಿಲ್ಲದ್ದರಿಂದ, ಪೂರ್ತಿ ನಂಬಲಾಗದಿದ್ದರೂ ಫೈಲಿನ ಪಕ್ಕದ ದಿನಾಂಕದ ಪ್ರಕಾರವೇ ಅವನ್ನು ಜೋಡಿಸಿ, ಗಾತ್ರದ ಕಾಲಮ್ಮಿನ ಮೇಲೆ ಕಣ್ಣಾಡಿಸಿ. ಸೊನ್ನೆ ಗಾತ್ರದ ಫೈಲ್‌ಗಳು ಇದ್ದರೆ ಅವು ಡಿಸ್ಕ್ ತುಂಬಿದಾಗ ಅರ್ಧಕ್ಕೆ ನಿಂತವು. ಅವನ್ನು ನಿಶ್ಚಿಂತೆಯಿಂದ ಅಳಿಸಬಹುದು. ಗಾತ್ರ ಮೆಲ್ಲಗೆ ಏರುತ್ತಾ ಹೋಗುವುದು ಸಹಜ. ಎಲ್ಲಾದರೂ ಥಟ್ಟನೆ ಇಳಿದಿದ್ದರೆ ಅಥವಾ ಒಂದೇ ದಿನದಲ್ಲಿ ದುಪ್ಪಟ್ಟಾಗಿದ್ದರೆ ಅಲ್ಲಿ ನಿಲ್ಲಿ. ಆ ಇಳಿತದ ಹಿಂದಿನದು ಮತ್ತು ಮುಂದಿನದು ಎರಡನ್ನೂ ಉಳಿಸಿಕೊಳ್ಳಬೇಕು, ಯಾಕೆಂದರೆ ನಿಮಗೆ ಇನ್ನೂ ಗೊತ್ತಾಗದ ಯಾವುದೋ ತಪ್ಪು ಆ ಎರಡರ ನಡುವೆ ಹುದುಗಿರಬಹುದು. ಉಳಿದವುಗಳಲ್ಲಿ ಪ್ರತಿ ವರ್ಷದ ಕೊನೆಯದನ್ನು, ಕಳೆದ ಒಂದು ವರ್ಷದಲ್ಲಿ ಪ್ರತಿ ತಿಂಗಳ ಕೊನೆಯದನ್ನು ಆರಿಸಿ, ಮೇಲೆ ಹೇಳಿದ ರೀತಿಯಲ್ಲಿ ಹೆಸರು ಬದಲಿಸಿ. ಹೀಗೆ ಆರಿಸಿದ್ದು ಇಪ್ಪತ್ತೈದು ಮೂವತ್ತು ಫೈಲ್ ಆಗಬಹುದು. ಮಿಕ್ಕದ್ದನ್ನು ಅಳಿಸಬಹುದು, ಆದರೆ ಆರಿಸಿಕೊಂಡ ಪ್ರತಿಯೊಂದನ್ನೂ ಒಮ್ಮೆ ಬಿಚ್ಚಿ ನೋಡಿದ ಮೇಲೆಯೇ.

ಬಿಚ್ಚಿ ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ಪಿನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪರೀಕ್ಷೆ ಕಷ್ಟದ್ದಲ್ಲ. ‘ರಿಸ್ಟೋರ್-ಪರೀಕ್ಷೆ’ ಫೋಲ್ಡರಿನಲ್ಲಿ ಬಿಚ್ಚಿ, ಸಾಫ್ಟ್‌ವೇರಿನ ಅಂಕಿಅಂಶದ ಪುಟದಲ್ಲಿ ಜನ, ಕುಟುಂಬ, ಆಕರ, ಚಿತ್ರ ಇವುಗಳ ಸಂಖ್ಯೆ ನೋಡಿ. ಆಮೇಲೆ ಐದು ಜನರನ್ನು ತೆರೆಯಿರಿ: ಅತಿ ಹಳೆಯ ಪೂರ್ವಜರು ಒಬ್ಬರು, ಈಚೆಗೆ ಸೇರಿಸಿದವರು ಒಬ್ಬರು, ಉದ್ದದ ಟಿಪ್ಪಣಿ ಇರುವವರು ಒಬ್ಬರು, ಎರಡು ಮದುವೆಯಾದವರು ಒಬ್ಬರು, ಫೋಟೊ ಇರುವವರು ಒಬ್ಬರು. ಎರಡು ಮದುವೆಯ ಸಂಬಂಧಗಳು ಮತ್ತು ಉದ್ದದ ಟಿಪ್ಪಣಿಗಳು ಸರಿಯಿದ್ದರೆ ಬಹುತೇಕ ಉಳಿದದ್ದೂ ಸರಿಯಿರುತ್ತದೆ. ಫೋಟೊ ಕಾಣದೆ ಅಡ್ಡಗೀಟು ಬಂದರೆ ಗಾಬರಿಯಾಗಬೇಡಿ. ಸಾಫ್ಟ್‌ವೇರ್ ಫೋಟೊವನ್ನು ತನ್ನೊಳಗೆ ಇಟ್ಟುಕೊಳ್ಳದೆ ಅದರ ವಿಳಾಸವನ್ನು ಮಾತ್ರ ಬರೆದಿಟ್ಟುಕೊಂಡಿರುತ್ತದೆ. ಫೋಟೊಗಳ ಫೋಲ್ಡರ್ ಅದೇ ಜಾಗದಲ್ಲಿ, ಅದೇ ಹೆಸರಿನಲ್ಲಿ ಇಲ್ಲದಿದ್ದರೆ ಕೊಂಡಿ ತಪ್ಪುತ್ತದೆ. ಈ ಕಾರಣಕ್ಕಾಗಿಯೇ ಚಿತ್ರಗಳ ಫೋಲ್ಡರಿನ ಹೆಸರನ್ನೂ ಅದರೊಳಗಿನ ಫೈಲ್‌ಗಳ ಹೆಸರನ್ನೂ ಒಮ್ಮೆ ಗಟ್ಟಿ ಮಾಡಿಕೊಂಡ ಮೇಲೆ ಸಾಫ್ಟ್‌ವೇರಿನ ಹೊರಗಿನಿಂದ ಬದಲಿಸಬಾರದು.

ವರ್ಷದ ಪ್ರತಿಗೆ ಇನ್ನೊಂದು ಕೆಲಸವೂ ಸೇರಬೇಕು. ಬ್ಯಾಕಪ್ ಫೈಲ್ ಆಯಾ ಸಾಫ್ಟ್‌ವೇರಿಗಷ್ಟೇ ಅರ್ಥವಾಗುವ ಭಾಷೆಯಲ್ಲಿರುತ್ತದೆ, ಸಾಫ್ಟ್‌ವೇರ್‌ಗಳಿಗೂ ಆಯಸ್ಸಿದೆ. ಒಂದು ಕಾಲದಲ್ಲಿ ಜಗತ್ತಿನಾದ್ಯಂತ ಬಳಕೆಯಲ್ಲಿದ್ದ, ಉಚಿತವಾಗಿ ಸಿಗುತ್ತಿದ್ದ ಪರ್ಸನಲ್ ಆನ್ಸೆಸ್ಟ್ರಲ್ ಫೈಲ್ ಎಂಬ ಸಾಫ್ಟ್‌ವೇರನ್ನು 2013ರಲ್ಲಿ ನಿಲ್ಲಿಸಲಾಯಿತು. ಹಾಗಾಗಿ ವರ್ಷಕ್ಕೊಮ್ಮೆ ವೃಕ್ಷವನ್ನು ಜೆಡ್‌ಕಾಮ್ (GEDCOM) ರೂಪದಲ್ಲಿಯೂ ರಫ್ತು ಮಾಡಿ ಇಟ್ಟುಕೊಳ್ಳಿ. 1984ರಿಂದ ಬಳಕೆಯಲ್ಲಿರುವ ಈ ರೂಪವನ್ನು ಹೆಚ್ಚುಕಡಿಮೆ ಎಲ್ಲ ವಂಶವೃಕ್ಷ ಸಾಫ್ಟ್‌ವೇರ್‌ಗಳೂ ಓದುತ್ತವೆ. ಅದರ ದೊಡ್ಡ ಗುಣವೆಂದರೆ ಅದು ಬರಿಯ ಪಠ್ಯ. ನೋಟ್‌ಪ್ಯಾಡಿನಲ್ಲಿ ತೆರೆದರೂ ಕಣ್ಣಿಗೆ ಓದಲು ಬರುತ್ತದೆ. ಒಮ್ಮೆ ತೆರೆದು ನೋಡಿ. ಪ್ರತಿ ಸಾಲೂ ಒಂದು ಅಂಕಿಯಿಂದ ಶುರುವಾಗುತ್ತದೆ. ಸೊನ್ನೆಯಿಂದ ಶುರುವಾಗುವ ಸಾಲು ಒಬ್ಬ ವ್ಯಕ್ತಿಯ ಅಥವಾ ಒಂದು ಕುಟುಂಬದ ತಲೆಬರಹ. ಅದರ ಕೆಳಗಿನ ಒಂದು, ಎರಡು ಎಂಬ ಸಾಲುಗಳು ಅವರ ವಿವರಗಳು. ಫೈಲಿನ ಕಟ್ಟಕಡೆಯ ಸಾಲಿನಲ್ಲಿ ಸೊನ್ನೆ, ಅದರ ಪಕ್ಕದಲ್ಲಿ ಟಿ, ಆರ್, ಎಲ್, ಆರ್ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳು ಇರಲೇಬೇಕು. ಆ ಸಾಲು ಇಲ್ಲದಿದ್ದರೆ ಫೈಲ್ ಅರ್ಧಕ್ಕೆ ತುಂಡಾಗಿದೆ ಎಂದೇ ಅರ್ಥ. ಫೈಲಿನ ಆರಂಭದ ಸಾಲುಗಳಲ್ಲಿ ಯುಟಿಎಫ್-8 (UTF-8, ಎಲ್ಲ ಲಿಪಿಗಳನ್ನೂ ಹಿಡಿದಿಡುವ ಅಕ್ಷರ ಸಂಕೇತ ಪದ್ಧತಿ) ಎಂಬ ಪದವಿದೆಯೇ ನೋಡಿ, ನಡುವೆ ಎಲ್ಲಾದರೂ ಹೆಸರುಗಳನ್ನು ಓದಿ. ರೋಮನ್ ಅಲ್ಲದ ಲಿಪಿಯಲ್ಲಿ ಬರೆದ ಹೆಸರುಗಳು ಹಳೆಯ ಸಂಕೇತ ಪದ್ಧತಿಯಲ್ಲಿ ರಫ್ತಾದರೆ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳಾಗಿಬಿಡುತ್ತವೆ, ಆ ಫೈಲಿನಿಂದ ಅವನ್ನು ಮತ್ತೆ ಅಕ್ಷರವಾಗಿಸುವುದು ಯಾರಿಂದಲೂ ಸಾಧ್ಯವಿಲ್ಲ. ರಫ್ತು ಮಾಡುವ ಕಿಟಕಿಯಲ್ಲಿ ಯುಟಿಎಫ್-8 ಅಥವಾ ಯೂನಿಕೋಡ್ ಆಯ್ಕೆ ಮಾಡಿದರೆ ಈ ಅಪಾಯವಿಲ್ಲ.

ಆದರೆ ಜೆಡ್‌ಕಾಮ್ ಒಂದನ್ನೇ ನೆಚ್ಚಿಕೊಳ್ಳಬಾರದು. ಅದರಲ್ಲಿ ಫೋಟೊಗಳ ವಿಳಾಸವಿರುತ್ತದೆ, ಫೋಟೊ ಇರುವುದಿಲ್ಲ. ನಿಮ್ಮ ಸಾಫ್ಟ್‌ವೇರಿಗೇ ವಿಶಿಷ್ಟವಾದ ಬಣ್ಣದ ಗುರುತು, ಮಾಡಬೇಕಾದ ಕೆಲಸಗಳ ಪಟ್ಟಿ, ನೀವೇ ಸೃಷ್ಟಿಸಿಕೊಂಡ ವಿವರದ ಅಂಕಣಗಳು ದಾರಿಯಲ್ಲಿ ಉದುರಿಹೋಗಬಹುದು. 2021ರಲ್ಲಿ ಬಂದ ಜೆಡ್‌ಕಾಮ್ 7ರಲ್ಲಿ ಚಿತ್ರಗಳನ್ನೂ ಒಟ್ಟಿಗೆ ಕಟ್ಟಿಡುವ ಜೆಡ್‌ಜಿಪ್ ಎಂಬ ವ್ಯವಸ್ಥೆ ಇದೆಯಾದರೂ ಎಲ್ಲ ಸಾಫ್ಟ್‌ವೇರ್‌ಗಳೂ ಅದನ್ನಿನ್ನೂ ಅಳವಡಿಸಿಕೊಂಡಿಲ್ಲ. ಸಾಫ್ಟ್‌ವೇರಿನದೇ ಬ್ಯಾಕಪ್ ಇಂದಿನ ಆಪತ್ತಿಗೆ, ಜೆಡ್‌ಕಾಮ್ ಮುಂದಿನ ಕಾಲಕ್ಕೆ. ಎರಡೂ ಇರಲಿ.

ಕ್ಲೌಡ್ ಸಿಂಕ್ ಸಾಕೇ ಎಂದು ಕೇಳಿದ್ದೀರಿ. ಸಾಲದು, ಮತ್ತು ನಿಮ್ಮ ಅನುಭವವೇ ಅದಕ್ಕೆ ಸಾಕ್ಷಿ. ಸಿಂಕ್‌ನ ಕೆಲಸ ಎರಡು ಕಡೆಗಳನ್ನು ಒಂದೇ ರೀತಿ ಇಡುವುದು. ಹಳೆಯ ಫೈಲ್ ಹೊಸದರ ಮೇಲೆ ಬಿದ್ದ ಕೂಡಲೇ ಅದು ಆ ತಪ್ಪನ್ನು ನಿಷ್ಠೆಯಿಂದ ಕ್ಲೌಡಿಗೂ ಮುಟ್ಟಿಸಿತು. ಇತಿಹಾಸದ 30 ದಿನಗಳ ಆಸರೆ ನಿಮ್ಮ ಈ ತಪ್ಪಿಗೆ ಸಾಕಾಗಬಹುದು, ನನ್ನ ಹನ್ನೊಂದು ತಿಂಗಳ ತಪ್ಪಿಗೆ ಸಾಕಾಗುತ್ತಿರಲಿಲ್ಲ. ಇನ್ನೊಂದು ಸೂಕ್ಷ್ಮವೂ ಇದೆ. ರೂಟ್ಸ್‌ಮ್ಯಾಜಿಕ್, ಗ್ರ್ಯಾಂಪ್ಸ್‌ನಂಥ ಸಾಫ್ಟ್‌ವೇರ್‌ಗಳು ಎಸ್‌ಕ್ಯೂಲೈಟ್ ಎಂಬ ಡೇಟಾಬೇಸಿನಲ್ಲಿ ಮಾಹಿತಿಯನ್ನಿಡುತ್ತವೆ. ಅದು ತೆರೆದಿರುವಾಗ ಒಂದು ಬದಲಾವಣೆಯ ಅರ್ಧ ಮುಖ್ಯ ಫೈಲಿನಲ್ಲಿ, ಇನ್ನರ್ಧ ಪಕ್ಕದ ತಾತ್ಕಾಲಿಕ ಫೈಲಿನಲ್ಲಿ ಇರಬಹುದು. ಆ ಹೊತ್ತಿಗೆ ಸರಿಯಾಗಿ ಸಿಂಕ್ ಪ್ರೋಗ್ರಾಮ್ ಬಂದು ಒಂದನ್ನು ಮಾತ್ರ ಎತ್ತಿಕೊಂಡು ಹೋದರೆ, ಕ್ಲೌಡಿನಲ್ಲಿರುವ ಪ್ರತಿ ತೆರೆಯಲಾಗದಂತೆ ಕೆಡಬಹುದು. ಆದ್ದರಿಂದ ಚಾಲ್ತಿ ಫೈಲನ್ನು ಸಿಂಕ್ ಆಗದ ಫೋಲ್ಡರಿಗೆ ಸರಿಸಿ, ಅದರ ಬ್ಯಾಕಪ್‌ಗಳನ್ನು ಮಾತ್ರ ಸಿಂಕ್ ಆಗುವ ಫೋಲ್ಡರಿಗೆ ಹಾಕಿ. ಸಾಫ್ಟ್‌ವೇರ್ ಮುಚ್ಚಿದ ಮೇಲೆ ಹುಟ್ಟಿದ, ಆಮೇಲೆ ಬದಲಾಗದ ಫೈಲನ್ನು ಕ್ಲೌಡಿಗೆ ಕಳಿಸುವುದರಲ್ಲಿ ಈ ತೊಂದರೆಯಿಲ್ಲ.

ಡಿಜಿಟಲ್ ಫೋಟೊಗ್ರಫಿಯವರು ಜನಪ್ರಿಯಗೊಳಿಸಿದ 3-2-1 ಎಂಬ ಸೂತ್ರ ನಮಗೂ ಚೆನ್ನಾಗಿ ಒಪ್ಪುತ್ತದೆ: ಒಟ್ಟು ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಮನೆಯ ಹೊರಗೆ. ಕಂಪ್ಯೂಟರಿನಲ್ಲಿರುವುದು ಒಂದು, ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಒಂದು, ಕ್ಲೌಡಿನಲ್ಲಿ ಅಥವಾ ಬೇರೆ ಮನೆಯಲ್ಲಿರುವ ಬಂಧುವಿನ ಬಳಿ ಒಂದು. ಹೊರಗಿನ ಡಿಸ್ಕನ್ನು ಬ್ಯಾಕಪ್ ಮುಗಿದ ಕೂಡಲೇ ಕಳಚಿಡಿ. ಸದಾ ಚುಚ್ಚಿಟ್ಟ ಡಿಸ್ಕನ್ನು, ಫೈಲ್‌ಗಳನ್ನು ತೆರೆಯದಂತೆ ಮಾಡಿ ಹಣ ಕೇಳುವ ಸುಲಿಗೆ ವೈರಸ್ ಕಂಪ್ಯೂಟರಿನ ಜೊತೆಗೇ ಬೀಗ ಹಾಕಿಬಿಡುತ್ತದೆ. ಪೆನ್ ಡ್ರೈವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯಲು ಬಳಸಿ, ವರ್ಷಗಟ್ಟಲೆ ಕೂಡಿಡಲು ಬೇಡ. ವಿದ್ಯುತ್ ಸಂಪರ್ಕವಿಲ್ಲದೆ ಬಹುಕಾಲ ಬಿದ್ದಿದ್ದರೆ ಅದರೊಳಗಿನ ವಿದ್ಯುದಂಶ ಸೋರಿ ಮಾಹಿತಿ ಅಳಿಯಬಹುದು.

ಕೊನೆಯದಾಗಿ, ನೀವು ಕೇಳದ ಒಂದು ವಿಷಯ. ನಿಮ್ಮ ವೃಕ್ಷದಲ್ಲಿ ಬದುಕಿರುವವರ ಜನ್ಮದಿನಾಂಕ, ತಾಯಿಯ ಹೆಸರು, ವಿಳಾಸ ಎಲ್ಲವೂ ಇರುತ್ತವೆ. ಮನೆಯಿಂದ ಹೊರಗೆ ಹೋಗುವ ಪ್ರತಿಗೆ ಪಾಸ್‌ವರ್ಡ್ ಹಾಕಬೇಕು. ಸೆವೆನ್-ಜಿಪ್ ಎಂಬ ಉಚಿತ ಸಾಫ್ಟ್‌ವೇರ್ ಎಇಎಸ್-256 ಗೂಢಲಿಪಿಯಲ್ಲಿ ಫೈಲನ್ನು ಮುಚ್ಚಿಕೊಡುತ್ತದೆ. ಆದರೆ ಪಾಸ್‌ವರ್ಡ್ ಮರೆತರೆ ಅದನ್ನು ತೆರೆದುಕೊಡುವವರು ಯಾರೂ ಇಲ್ಲ. ನೀವು ಇಲ್ಲದ ದಿನ ಮನೆಯವರಿಗೆ ಆ ಡಿಸ್ಕ್ ಒಂದು ಮುಚ್ಚಿದ ಪೆಟ್ಟಿಗೆಯಾಗಬಾರದು ಎಂದಿದ್ದರೆ, ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು, ಡಿಸ್ಕಿನ ಜೊತೆಯಲ್ಲಲ್ಲದೆ ಬೇರೆ ಕಡೆ, ಮನೆಯ ಮುಖ್ಯ ಕಾಗದಪತ್ರಗಳ ನಡುವೆ ಇಡಿ. ಡಿಸ್ಕಿನ ಮೊದಲ ಫೋಲ್ಡರಿನಲ್ಲಿ ‘ಮೊದಲು-ಇದನ್ನು-ಓದಿ’ ಎಂಬ ಒಂದು ಪುಟ್ಟ ಪಠ್ಯ ಫೈಲಿರಲಿ. ಯಾವ ಸಾಫ್ಟ್‌ವೇರಿನ ಯಾವ ಆವೃತ್ತಿ, ಚಾಲ್ತಿ ಫೈಲಿನ ಹೆಸರೇನು, ಫೋಟೊಗಳು ಯಾವ ಫೋಲ್ಡರಿನಲ್ಲಿವೆ, ಎಲ್ಲಕ್ಕಿಂತ ಈಚಿನ ಜೆಡ್‌ಕಾಮ್ ಯಾವುದು, ಬ್ಯಾಕಪ್ಪನ್ನು ಬೇರೆ ಹೆಸರಿನಲ್ಲಿಯೇ ಏಕೆ ಬಿಚ್ಚಬೇಕು ಎಂಬುದನ್ನು, ಕಂಪ್ಯೂಟರ್ ಅಷ್ಟಾಗಿ ತಿಳಿಯದ ಒಬ್ಬರು ಓದುತ್ತಿದ್ದಾರೆಂದು ಭಾವಿಸಿ ಹತ್ತು ಸಾಲುಗಳಲ್ಲಿ ಬರೆಯಿರಿ. ಬರೆದ ಮೇಲೆ ಮನೆಯಲ್ಲಿ ಒಬ್ಬರ ಕೈಗೆ ಅದನ್ನು ಕೊಟ್ಟು, ನೀವು ಪಕ್ಕದಲ್ಲಿ ಮಾತಾಡದೆ ಕುಳಿತು, ಒಂದು ಬ್ಯಾಕಪ್ಪನ್ನು ಬಿಚ್ಚಿಸಿ ನೋಡಿ. ಅವರು ಎಲ್ಲಿ ತಡೆದು ನಿಲ್ಲುತ್ತಾರೋ ಅಲ್ಲಿ ಇನ್ನೊಂದು ಸಾಲು ಸೇರಿಸಿ.